ಶಾಲೆಗೆ ಮನೆಯವರು ಕೊಡುವ ಹೊತ್ತು: ಕೊಡಗಿನ ಪ್ರಾಥಮಿಕ ಶಾಲೆಗಳು ಮತ್ತು ಪೋಷಕರ ಸ್ವಯಂಸೇವೆ

ಪ್ರಾಥಮಿಕ ಶಾಲೆಯೊಂದರ ದಿನನಿತ್ಯದ ಕೆಲಸದಲ್ಲಿ ಆ ಶಾಲೆಯ ಮಕ್ಕಳ ಮನೆಯವರು ಸಂಬಳವನ್ನಾಗಲಿ ಪ್ರತಿಫಲವನ್ನಾಗಲಿ ಬಯಸದೆ ಕೈಜೋಡಿಸುವುದನ್ನು ಕುಟುಂಬದ ಸ್ವಯಂಸೇವೆ ಎನ್ನಬಹುದು. ಇಲ್ಲಿ ಕುಟುಂಬ ಎಂಬ ಮಾತಿನಲ್ಲಿ ತಂದೆತಾಯಿಗಳ ಜೊತೆಗೆ ಅಜ್ಜ ಅಜ್ಜಿಯರು, ಸೋದರಮಾವಂದಿರು, ಚಿಕ್ಕಮ್ಮಂದಿರು, ಅದೇ ಶಾಲೆಯಲ್ಲಿ ಓದಿ ಹೈಸ್ಕೂಲಿಗೋ ಕಾಲೇಜಿಗೋ ಹೋಗುತ್ತಿರುವ ಅಕ್ಕ ಅಣ್ಣಂದಿರು ಎಲ್ಲರೂ ಸೇರುತ್ತಾರೆ. ಬಣ್ಣ ಬಳಿಸುವುದು, ಬೀರು ಕೊಡಿಸುವುದು, ಕಾಂಪೌಂಡು ಕಟ್ಟಿಸುವುದು ಮುಂತಾದ ದೇಣಿಗೆಗಳನ್ನೇ ಶಾಲೆಗೆ ಮಾಡಿದ ಸೇವೆಯೆಂದು ಎಣಿಸುವ ವಾಡಿಕೆ ನಮ್ಮಲ್ಲಿ ಬಲವಾಗಿ ಬೇರೂರಿರುವುದರಿಂದ, ದುಡ್ಡಿಲ್ಲದ ಮನೆಯವರು ತಮ್ಮಿಂದ ಶಾಲೆಗೆ ಕೊಡುವಂಥದ್ದು ಏನೂ ಇಲ್ಲವೆಂದು ಹಿಂದೆ ಸರಿಯುತ್ತಾರೆ. ಶಾಲೆಗೆ ಬೇಕಾಗಿರುವುದು ಮುಖ್ಯವಾಗಿ ಮನೆಯವರ ಹೊತ್ತು. ಆ ಹೊತ್ತನ್ನು ಕೊಡಲು ಬಡವರಿಗೂ ಸಾಧ್ಯವಾಗುವ ಹಾಗೆ ಶಾಲೆಯೂ ಊರೂ ತಮ್ಮ ವ್ಯವಸ್ಥೆಯನ್ನು ಹೊಂದಿಸಿಕೊಳ್ಳಬೇಕು ಎಂಬುದನ್ನು ಕೊಡಗಿನ ಸ್ಥಿತಿಗತಿಗಳು ಬಹಳ ಸ್ಪಷ್ಟವಾಗಿ ತೋರಿಸಿಕೊಡುತ್ತವೆ.

ಚದುರಿದ ಮನೆಗಳ ನಾಡು

2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ಸುಮಾರು 4,100 ಚದರ ಕಿಲೋಮೀಟರ್ ವಿಸ್ತಾರದ ಈ ಜಿಲ್ಲೆ ಕರ್ನಾಟಕದ ಜಿಲ್ಲೆಗಳಲ್ಲೆಲ್ಲ ಅತ್ಯಂತ ಕಡಿಮೆ ಜನರಿರುವ ಜಿಲ್ಲೆ. ಸಾಕ್ಷರತೆಯ ಪ್ರಮಾಣ ಮಾತ್ರ ಶೇ. 82ಕ್ಕಿಂತ ಹೆಚ್ಚು. ಬಯಲುಸೀಮೆಯ ಹಳ್ಳಿಗಳಂತೆ ಇಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡು ಕೇರಿಗಳಾಗಿ ನಿಂತಿರುವುದು ಅಪರೂಪವಾಗಿದ್ದು, ಒಂದೊಂದು ಮನೆ ತನ್ನ ತೋಟ ಗದ್ದೆಗಳ ನಡುವೆ ಒಂಟಿಯಾಗಿರುತ್ತದೆ. ತೋಟದ ಅಂಚಿನಲ್ಲಿ ಕಾರ್ಮಿಕರ ಲೈನ್ ಮನೆಗಳು, ಎಂದರೆ ಉದ್ದಕ್ಕೆ ಒಂದೇ ಸೂರಿನಡಿ ಕೋಣೆಕೋಣೆಯಾಗಿ ಕಟ್ಟಿದ ವಸತಿ ಸಾಲುಗಳು, ಕಾಡಿನ ಅಂಚಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಎರವ ಸಮುದಾಯಗಳ ಹಾಡಿಗಳು ಇವೆ. ಬೇರೆ ಬೇರೆ ಬದುಕಿನ ಈ ಮನೆಗಳನ್ನು ಒಂದೆಡೆ ಸೇರಿಸುವ ಜಾಗಗಳು ಕೆಲವೇ ಆಗಿದ್ದು, ಅವುಗಳಲ್ಲಿ ಜಾತಿ, ಭಾಷೆ, ಆಸ್ತಿಗಳ ಭೇದವಿಲ್ಲದೆ ಯಾರು ಬೇಕಾದರೂ ಕಾಲಿಡಬಹುದಾದ ಜಾಗವೆಂದರೆ ಊರಿನ ಸರ್ಕಾರಿ ಶಾಲೆ.

ಆದರೆ ಈ ಶಾಲೆಗಳಿಗೆ ಬರುವ ಮಕ್ಕಳು ಯಾರು ಎಂಬುದು ಕಳೆದ ಕೆಲವು ದಶಕಗಳಲ್ಲಿ ಬಹಳ ಬದಲಾಗಿದೆ. ಅನುಕೂಲಸ್ಥರ ಮಕ್ಕಳು ಪೇಟೆಯ ಖಾಸಗಿ ಶಾಲೆಗಳ ವ್ಯಾನು ಹತ್ತಿದ ಮೇಲೆ ಊರಿನ ಶಾಲೆಯಲ್ಲಿ ಉಳಿದವರು ಹೆಚ್ಚಾಗಿ ತೋಟದ ಕಾರ್ಮಿಕರ, ಹಾಡಿಯ ನಿವಾಸಿಗಳ, ಸಣ್ಣ ಹಿಡುವಳಿದಾರರ, ಅಸ್ಸಾಮಿನಂತಹ ದೂರದ ರಾಜ್ಯಗಳಿಂದ ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು. ಶಾಲೆಯ ಮೇಲ್ವಿಚಾರಣೆಯಲ್ಲಿ ಪಾಲ್ಗೊಳ್ಳುವ ಹಕ್ಕು ಕಾನೂನಿನಂತೆ ಈ ಮಕ್ಕಳ ಹೆತ್ತವರದು. ಬಿಡುವಿನ ಹೊತ್ತು ಅತ್ಯಂತ ಕಡಿಮೆ ಇರುವವರೂ ಅವರೇ. ಕೊಡಗಿನ ಶಾಲೆಗಳಲ್ಲಿ ಕುಟುಂಬದ ಸ್ವಯಂಸೇವೆಯ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಕಾನೂನು ಕೊಟ್ಟಿರುವ ಸ್ಥಾನ

ಶಾಲೆಯ ಆಡಳಿತದಲ್ಲಿ ಊರಿನವರ ಪಾತ್ರ ಹೊಸದೇನಲ್ಲ. ಹಿಂದೆ ಬೆಟರ್‌ಮೆಂಟ್ ಕಮಿಟಿ, ಗ್ರಾಮ ಶಿಕ್ಷಣ ಸಮಿತಿ ಎಂಬ ಹೆಸರುಗಳಲ್ಲಿ ಊರಿನ ಗಣ್ಯರು ಶಾಲೆಯ ಕಟ್ಟಡ, ಜಾಗ, ದೇಣಿಗೆಗಳ ವಿಚಾರ ನೋಡಿಕೊಳ್ಳುತ್ತಿದ್ದರು. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರವು 2001ರಲ್ಲಿ ಆದೇಶ ಹೊರಡಿಸಿ, ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ರಚಿಸಿತು. ಜನರ ಬಾಯಲ್ಲಿ ಎಸ್‌ಡಿಎಂಸಿ ಎಂದೇ ಬಳಕೆಯಲ್ಲಿರುವ ಈ ಸಮಿತಿಯ ಮುಖ್ಯ ಹೊಸತನವೆಂದರೆ, ಅಧಿಕಾರವು ಊರಿನ ಗಣ್ಯರಿಂದ ಆ ಶಾಲೆಯಲ್ಲಿ ಕಲಿಯುತ್ತಿರುವ ಮಕ್ಕಳ ಪೋಷಕರ ಕೈಗೆ ಬಂದದ್ದು. ಸಮಿತಿಯ ಅಧ್ಯಕ್ಷರೂ ಪೋಷಕರಲ್ಲಿ ಒಬ್ಬರೇ ಆಗಬೇಕೆಂದು ಗೊತ್ತುಪಡಿಸಲಾಯಿತು.

ಅನಂತರ ಸಂಸತ್ತು ಅಂಗೀಕರಿಸಿದ 2009ರ ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಇಂತಹ ಸಮಿತಿಗೆ ದೇಶದಾದ್ಯಂತ ಕಾನೂನಿನ ಬಲ ನೀಡಿತು. ಕಾಯ್ದೆಯ 21ನೆಯ ಕಲಮಿನ ಪ್ರಕಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಮತ್ತು ದುರ್ಬಲ ವರ್ಗಗಳ ಮಕ್ಕಳ ಹೆತ್ತವರಿಗೆ ಅವರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ದೊರೆಯಬೇಕು. ಶಾಲೆಯ ಕೆಲಸಕಾರ್ಯಗಳನ್ನು ಗಮನಿಸುವುದು, ಬಂದ ಅನುದಾನದ ಖರ್ಚುವೆಚ್ಚವನ್ನು ಪರಿಶೀಲಿಸುವುದು, ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಸಮಿತಿಯ ಕರ್ತವ್ಯಗಳು. ಶಾಲೆಗೆ ಮುಂದಿನ ವರ್ಷಗಳಲ್ಲಿ ಏನೇನು ಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಬರೆದಿಟ್ಟ ಪಟ್ಟಿಗೆ ಶಾಲಾಭಿವೃದ್ಧಿ ಯೋಜನೆ ಎಂದು ಹೆಸರು. ಮಗುವಿನ ಹಾಜರಾತಿ ಮತ್ತು ಕಲಿಕೆಯ ಬಗ್ಗೆ ಶಿಕ್ಷಕರು ಪೋಷಕರಿಗೆ ಕಾಲಕಾಲಕ್ಕೆ ತಿಳಿಸಬೇಕೆಂದು ಅದೇ ಕಾಯ್ದೆಯ 24ನೆಯ ಕಲಮು ಹೇಳುತ್ತದೆ. ಕೇಳುವ ಹಕ್ಕು ಮತ್ತು ದುಡಿಯುವ ಹೊಣೆ ಇಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಹೊಣೆಯನ್ನಷ್ಟೇ ಹೊರಿಸಿ ಹಕ್ಕನ್ನು ಮರೆಮಾಡಿದ ಕಡೆಗಳಲ್ಲಿ ಸ್ವಯಂಸೇವೆಯು ಬಿಟ್ಟಿ ಚಾಕರಿಯಾಗುತ್ತದೆ.

ಮಳೆಗಾಲಕ್ಕೆ ಮುನ್ನ

ಕೊಡಗಿನ ಶಾಲೆಗಳಿಗೆ ಮನೆಯವರ ಕೈ ಮೊದಲು ಬೇಕಾಗುವುದು ಮೇ ತಿಂಗಳ ಕೊನೆಯ ವಾರದಲ್ಲಿ. ಶಾಲೆಯ ಬಾಗಿಲು ತೆರೆಯುವ ಕಾಲವೂ ಮುಂಗಾರು ಕಾಲಿಡುವ ಕಾಲವೂ ಇಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಬೇಸಿಗೆ ರಜೆಯಲ್ಲಿ ಅಂಗಳದಲ್ಲಿ ಬೆಳೆದು ನಿಂತ ಕಾಡನ್ನು ಕಡಿಯುವುದು, ಒಡೆದ ಹೆಂಚನ್ನು ಬದಲಿಸುವುದು, ಚರಂಡಿಯ ಮಣ್ಣು ತೆಗೆಯುವುದು, ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಸವರುವುದು, ಕುಡಿಯುವ ನೀರಿನ ತೊಟ್ಟಿ ತೊಳೆಯುವುದು ಮುಂತಾದ ಕೆಲಸಗಳು ಮಳೆ ಹಿಡಿಯುವುದರೊಳಗೆ ಮುಗಿಯಬೇಕಾಗುತ್ತದೆ. ಇವು ಒಬ್ಬಿಬ್ಬರು ಶಿಕ್ಷಕರಿಂದ ಆಗುವ ಕೆಲಸಗಳಲ್ಲ. ಕತ್ತಿ, ಗುದ್ದಲಿ, ಏಣಿಗಳ ಬಳಕೆ ಬಲ್ಲ ಹತ್ತು ಮನೆಯವರು ಕೂಡಿದರೆ ಒಂದು ಬೆಳಗಿನಲ್ಲಿ ಮುಗಿಯುವಂಥವು. ಗದ್ದೆಯ ಕೆಲಸದಲ್ಲಿ ಒಂದು ಮನೆಯವರು ಇನ್ನೊಂದು ಮನೆಯವರಿಗೆ ದುಡಿದು, ಆ ದುಡಿಮೆಯನ್ನು ದುಡಿಮೆಯಿಂದಲೇ ತೀರಿಸಿಕೊಳ್ಳುವ ಪದ್ಧತಿಯನ್ನು ಕನ್ನಡದಲ್ಲಿ ಮುಯ್ಯಾಳು ಎನ್ನುತ್ತಾರೆ. ಶಾಲೆಯ ಶ್ರಮದಾನವು ಆ ಹಳೆಯ ಪದ್ಧತಿಯ ಮುಂದುವರಿಕೆ ಎನ್ನಬಹುದಾದರೂ, ಇಲ್ಲಿ ದುಡಿಮೆ ತೀರುವುದು ಮಗುವಿನ ಓದಿನಲ್ಲಿ.

ಮಳೆ ಜೋರಾದ ದಿನಗಳಲ್ಲಿ ಜಿಲ್ಲಾಡಳಿತ ರಜೆ ಸಾರುವುದು, ಕಳೆದುಹೋದ ಪಾಠಗಳನ್ನು ಶನಿವಾರ ಪೂರ್ತಿ ದಿನ ತರಗತಿ ನಡೆಸಿ ತುಂಬಿಕೊಳ್ಳುವುದು ಕೊಡಗಿನಲ್ಲಿ ಪ್ರತಿವರ್ಷದ ಮಾತು. ತೋಡುಗಳು ಉಕ್ಕಿದಾಗ ಕಾಲುಸಂಕದ ಬಳಿ ನಿಂತು ಮಕ್ಕಳನ್ನು ದಾಟಿಸುವವರು, ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿಯ ಸುತ್ತಲಿನ ಆನೆ ಓಡಾಡುವ ತೋಟದ ದಾರಿಗಳಲ್ಲಿ ಮಕ್ಕಳನ್ನು ಗುಂಪು ಕಟ್ಟಿ ಕರೆದೊಯ್ಯುವವರು ಮನೆಯವರೇ. ಒಂದೊಂದು ಮನೆಯವರೂ ತಮ್ಮ ತಮ್ಮ ಮಗುವಿನ ಜೊತೆ ನಡೆಯುವುದರ ಬದಲು, ಒಂದು ದಾರಿಯ ಐದಾರು ಮನೆಗಳವರು ಸರದಿ ಹಾಕಿಕೊಂಡು ದಿನಕ್ಕೆ ಇಬ್ಬರಂತೆ ಎಲ್ಲ ಮಕ್ಕಳ ಜೊತೆ ಹೋದರೆ, ಉಳಿದವರ ಕೂಲಿ ತಪ್ಪದೆ ಮಕ್ಕಳ ಹಾಜರಾತಿಯೂ ಉಳಿಯುತ್ತದೆ. ಹೊರನೋಟಕ್ಕೆ ಸಣ್ಣದಾಗಿ ಕಾಣುವ ಈ ಸರದಿಯೇ ಕಾಡಂಚಿನ ಶಾಲೆಗೆ ಮನೆಯವರು ಮಾಡಬಹುದಾದ ಅತಿ ದೊಡ್ಡ ಸೇವೆ.

ಅಡುಗೆಮನೆಯ ಲೆಕ್ಕ

2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ರಾಜ್ಯದ ಉಳಿದ ಭಾಗಗಳಿಗೆ ಹಬ್ಬಿದ ಅಕ್ಷರ ದಾಸೋಹ, ಅಂದರೆ ಮಧ್ಯಾಹ್ನದ ಬಿಸಿಯೂಟದ ಯೋಜನೆ, ತಾಯಂದಿರಿಗೆ ಶಾಲೆಯೊಳಗೆ ಒಂದು ಸ್ಪಷ್ಟವಾದ ಕೆಲಸವನ್ನು ತೆರೆದಿಟ್ಟಿತು. ಅಡುಗೆಯವರು ಬಹುಮಟ್ಟಿಗೆ ಅದೇ ಊರಿನ ಮಹಿಳೆಯರಾಗಿದ್ದು, ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೂ ಪೋಷಕರೂ ಊಟದ ರುಚಿ ನೋಡಿ ಪುಸ್ತಕದಲ್ಲಿ ದಾಖಲಿಸುವ ಪದ್ಧತಿ ಬೆಳೆದುಬಂದಿದೆ. ಈ ಕೆಲಸಕ್ಕೆ ವಿದ್ಯಾರ್ಹತೆಯ ಅಗತ್ಯವಿಲ್ಲ. ಮನೆಯಲ್ಲಿ ಅಡುಗೆ ಮಾಡುವವರಿಗೆ ಅಕ್ಕಿ ಹಳತೋ ಹೊಸತೋ, ಬೇಳೆ ಬೆಂದಿದೆಯೋ ಇಲ್ಲವೋ ಎಂಬುದು ಯಾವ ಅಧಿಕಾರಿಗಿಂತಲೂ ಬೇಗ ತಿಳಿಯುತ್ತದೆ.

ಉದಾಹರಣೆಗೆ, ಒಂದರಿಂದ ಐದನೆಯ ತರಗತಿಯ 40 ಮಕ್ಕಳಿರುವ ಶಾಲೆಯೊಂದನ್ನು ತೆಗೆದುಕೊಳ್ಳಬಹುದು. ನಿಯಮದಂತೆ ಈ ತರಗತಿಗಳ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಸಲ್ಲಬೇಕಾಗಿದ್ದು, ಊಟದಿಂದ 450 ಕ್ಯಾಲೊರಿ ಶಕ್ತಿ ಮತ್ತು 12 ಗ್ರಾಂ ಪ್ರೋಟೀನ್ ದೊರೆಯಬೇಕೆಂದು ಲೆಕ್ಕ ಹಾಕಲಾಗಿದೆ. ಅಂದರೆ ಆ ಶಾಲೆಯ ಅಡುಗೆಮನೆಯಲ್ಲಿ ಅಂದು 4 ಕಿಲೋ ಅಕ್ಕಿ, 800 ಗ್ರಾಂ ಬೇಳೆ, 2 ಕಿಲೋ ತರಕಾರಿ, 200 ಗ್ರಾಂ ಎಣ್ಣೆ ಖರ್ಚಾಗಬೇಕು. ಬೆಳಿಗ್ಗೆ ಹತ್ತು ಗಂಟೆಗೆ ತಕ್ಕಡಿಯ ಪಕ್ಕದಲ್ಲಿ ನಿಂತ ತಾಯಿಯೊಬ್ಬರು ಈ ನಾಲ್ಕು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು, ಸಾರು ನೀರಾಗಿದ್ದರೆ ಅದರ ಕಾರಣ ಬೇಳೆಯ ಅಳತೆಯಲ್ಲಿದೆಯೋ ಬೇಯಿಸಿದ ರೀತಿಯಲ್ಲಿದೆಯೋ ಎಂದು ಅವರೇ ಹೇಳಬಲ್ಲರು. 2013ರ ಆಗಸ್ಟ್ 1ರಂದು ಆರಂಭವಾದ, ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯ ವಿಚಾರದಲ್ಲೂ ಹೀಗೆಯೇ: 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿಲೀಟರ್ ಹಾಲು ಎಂಬ ಒಂದು ಸಾಲಿನ ಲೆಕ್ಕ ತಿಳಿದಿರುವ ತಾಯಿಯ ಕಣ್ಣೆದುರಿನಲ್ಲಿ ಹಾಲು ತೆಳುವಾಗುವುದು ಕಷ್ಟ. ತಾಯಂದಿರ ಇಂತಹ ಹಾಜರಿ ಯಾರ ಮೇಲೂ ಅನುಮಾನದಿಂದ ಹುಟ್ಟುವುದಲ್ಲ. ಅಡುಗೆಯವರಿಗೂ ಶಿಕ್ಷಕರಿಗೂ ಅದೊಂದು ಆಸರೆ.

ಅಜ್ಜಿಯರ ಪಾಠ

ತರಗತಿಯ ಒಳಗೂ ಮನೆಯವರಿಗೆ ಕೆಲಸವಿದೆ. ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಮಲಯಾಳಂ, ತಮಿಳು, ಎರವ ಮತ್ತು ಕುರುಬ ನುಡಿಗಳು ಅಕ್ಕಪಕ್ಕದಲ್ಲಿ ಕೇಳಿಬರುವ ಈ ಜಿಲ್ಲೆಯಲ್ಲಿ ಒಂದನೆಯ ತರಗತಿಗೆ ಬಂದ ಮಗುವಿಗೆ ಕನ್ನಡವು ಹಲವು ಬಾರಿ ಹೊಸ ಭಾಷೆಯಾಗಿರುತ್ತದೆ. ಹಾಡಿಯ ಅಜ್ಜಿಯೊಬ್ಬರು ತಮ್ಮ ನುಡಿಯಲ್ಲಿ ಹೇಳಿದ ಕಥೆಯನ್ನು ಶಿಕ್ಷಕಿ ಕನ್ನಡದಲ್ಲಿ ಮರಳಿ ಹೇಳಿದಾಗ, ಮಗುವಿಗೆ ಎರಡು ಭಾಷೆಗಳ ನಡುವಿನ ದಾರಿ ಕಾಣತೊಡಗುತ್ತದೆ. ತನ್ನ ಮನೆಯ ಮಾತಿಗೆ ಶಾಲೆಯಲ್ಲಿ ಬೆಲೆಯಿದೆ ಎಂಬ ಧೈರ್ಯವೂ ಬರುತ್ತದೆ.

ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿಗಳು ಸೇರಿರುತ್ತವೆ ಎಂಬುದು ಜನರ ನಂಬಿಕೆ. ಹಸಿರು ಎಲೆ ಕುದಿನೀರಿಗೆ ಬಿದ್ದು ನೀರೆಲ್ಲ ಕಡುನೇರಳೆಯಾಗುವುದನ್ನು ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಕ್ಕಳು ನೋಡುವಂತೆ ಅಜ್ಜಿಯೊಬ್ಬರು ಮಾಡಿ ತೋರಿಸಿದರೆ, ಸಸ್ಯ, ಬಣ್ಣ, ಋತುಮಾನ, ನಂಬಿಕೆಗಳ ಪಾಠ ಒಂದೇ ಪಾತ್ರೆಯಲ್ಲಿ ಆಗುತ್ತದೆ. ಬಿದಿರಿನ ಬುಟ್ಟಿ ಹೆಣೆಯುವವರು, ಜೇನು ಬಿಡಿಸುವವರು, ಕಾಫಿ ಗಿಡಕ್ಕೆ ಕಸಿ ಮಾಡುವವರು, ಗದ್ದೆಗೆ ನೀರು ಕಟ್ಟುವವರು ಎಲ್ಲರೂ ಹೀಗೆ ವರ್ಷಕ್ಕೆ ಒಂದು ಗಂಟೆಯ ಶಿಕ್ಷಕರಾಗಬಲ್ಲರು.

ಓದು ಬಾರದ ಹೆತ್ತವರು ಮಗುವಿನ ಕಲಿಕೆಯನ್ನು ಹೇಗೆ ಗಮನಿಸುವುದು ಎಂಬ ಪ್ರಶ್ನೆಗೆ ಕೊಡಗಿನ ನೆರೆಯ ಹೆಗ್ಗಡದೇವನಕೋಟೆಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ನಲಿಕಲಿ ಪದ್ಧತಿಯಲ್ಲಿ ಒಂದು ಉತ್ತರವಿದೆ. ಸಣ್ಣ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಈ ಪದ್ಧತಿಯಲ್ಲಿ, ಮಗು ದಾಟಬೇಕಾದ ಹಂತಗಳನ್ನು ಕಲಿಕಾ ಏಣಿ ಎಂಬ ಪಟದಲ್ಲಿ ಚಿತ್ರಗಳ ಗುರುತಿನೊಡನೆ ತೋರಿಸಲಾಗುತ್ತದೆ. ಅಕ್ಷರ ಬಾರದ ತಾಯಿಯೂ ತನ್ನ ಮಗು ಹೋದ ತಿಂಗಳು ಯಾವ ಚಿತ್ರದ ಮೆಟ್ಟಿಲಲ್ಲಿತ್ತು, ಈಗ ಎಲ್ಲಿಗೆ ಏರಿದೆ ಎಂದು ಕೇಳಿ ನೋಡಬಹುದು. ಹಾಗೆ ಕೇಳುವುದೇ ಮೇಲುಸ್ತುವಾರಿಯ ಮೊದಲ ಹೆಜ್ಜೆ.

ಸಮಿತಿಯಿಂದ ಕೆಲಸದವರೆಗೆ

ಸಮಿತಿ ರಚನೆಯಾದ ಮಾತ್ರಕ್ಕೆ ಶಾಲೆ ಸುಧಾರಿಸುವುದಿಲ್ಲ ಎಂಬುದಕ್ಕೆ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಕ್ಷಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗೂಡಿ 280 ಹಳ್ಳಿಗಳಲ್ಲಿ ನಡೆಸಿದ ಈ ಅಧ್ಯಯನದಲ್ಲಿ, ಗ್ರಾಮ ಶಿಕ್ಷಣ ಸಮಿತಿ ಎಂಬುದೊಂದಿದೆಯೆಂದೇ ಹೆಚ್ಚಿನ ಪೋಷಕರಿಗೆ ತಿಳಿದಿರಲಿಲ್ಲವೆಂದೂ, ತಾವು ಸದಸ್ಯರೆಂಬುದು ಕೆಲವು ಸದಸ್ಯರಿಗೇ ಗೊತ್ತಿರಲಿಲ್ಲವೆಂದೂ ಕಂಡುಬಂತು. ಸಭೆ ಕರೆದು ಮಾಹಿತಿ ನೀಡಿದ್ದರಿಂದ ಶಾಲೆಗಳಲ್ಲಿ ಗುರುತಿಸುವಂಥ ಬದಲಾವಣೆ ಆಗಲಿಲ್ಲ. ಆದರೆ ಊರಿನ ಯುವಜನರಿಗೆ ಸರಳವಾದ ಓದು ಕಲಿಸುವ ತರಬೇತಿ ಕೊಟ್ಟು, ಶಾಲೆಯ ಅವಧಿಯ ಹೊರಗೆ ಓದಿನ ಶಿಬಿರ ನಡೆಸಿದ ಹಳ್ಳಿಗಳಲ್ಲಿ, ಶಿಬಿರಕ್ಕೆ ಬಂದ ಮಕ್ಕಳ ಓದು ಎದ್ದು ಕಾಣುವಷ್ಟು ಸುಧಾರಿಸಿತು. ಜನರಿಗೆ ಮನಸ್ಸಿಲ್ಲದೆ ಇರಲಿಲ್ಲ. ಖಚಿತವಾದ, ತಮ್ಮಿಂದ ಆಗುವಂಥ ಕೆಲಸ ಅವರ ಕೈಗೆ ಸಿಕ್ಕಿರಲಿಲ್ಲ.

ಅಮೆರಿಕದ ಸಂಶೋಧಕಿ ಜಾಯ್ಸ್ ಎಪ್‌ಸ್ಟೀನ್ ಅವರು ಶಾಲೆ ಮತ್ತು ಕುಟುಂಬದ ಸಂಬಂಧವನ್ನು ಆರು ಬಗೆಗಳಾಗಿ ವಿಂಗಡಿಸಿದ್ದು, ಮಗುವಿನ ಪಾಲನೆ, ಪರಸ್ಪರ ಮಾತುಕತೆ, ಸ್ವಯಂಸೇವೆ, ಮನೆಯ ಕಲಿಕೆ, ತೀರ್ಮಾನದಲ್ಲಿ ಪಾಲು, ಊರಿನೊಡನೆ ಸಹಕಾರ ಎಂಬುದು ಅವರ ಪಟ್ಟಿ. ಒಂದು ಕುಟುಂಬ ಈ ಆರರಲ್ಲಿ ಯಾವುದನ್ನು ಮಾಡಬಲ್ಲದೋ ಅದನ್ನು ಗುರುತಿಸಿ ಕರೆಯುವುದು ಶಾಲೆಯ ಹೊಣೆ ಎಂಬ ಅವರ ವಿಚಾರಸರಣಿ ಕೊಡಗಿಗೂ ಹೊಂದುತ್ತದೆ.

ಕೂಲಿಯ ದಿನ, ಸಭೆಯ ದಿನ

ನವೆಂಬರ್‌ನಿಂದ ಮಾರ್ಚ್‌ವರೆಗೆ, ಮೊದಲು ಅರೇಬಿಕಾ, ಬಳಿಕ ರೊಬಸ್ಟಾ ಎಂಬಂತೆ ಕಾಫಿ ಕೊಯ್ಲು ನಡೆಯುವಾಗ ತೋಟದ ಕಾರ್ಮಿಕರಿಗೆ ಹಲವೆಡೆ ಕೊಯ್ದ ಹಣ್ಣಿನ ತೂಕದ ಮೇಲೆ ಕೂಲಿ ದೊರೆಯುತ್ತದೆ. ವರ್ಷದಲ್ಲಿ ನಾಲ್ಕು ಕಾಸು ಕೂಡಿಡಬಹುದಾದ ಕಾಲ ಅದೊಂದೇ. ಅಂತಹ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ ಕರೆದು, ಬಾರದ ತಾಯಿಗೆ ಮಗುವಿನ ಮೇಲೆ ಕಾಳಜಿಯಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯ. ಸಂತೆಯ ದಿನ, ಅಂದರೆ ತೋಟಗಳಿಗೆ ವಾರದ ರಜೆ ಇರುವ ದಿನ, ಜನ ಪೇಟೆಗೆ ಹೊರಡುವ ಮೊದಲು ಒಂದು ಗಂಟೆ ಸಭೆ ನಡೆಸುವುದು, ಕೊಯ್ಲಿನ ತಿಂಗಳುಗಳಲ್ಲಿ ಶಿಕ್ಷಕರು ಸಂಜೆ ಲೈನ್ ಮನೆಗಳ ಬಳಿಗೇ ಹೋಗುವುದು, ಸಭೆಯ ನಡಾವಳಿಯನ್ನು ಸಹಿ ಹಾಕಿಸುವ ಮುನ್ನ ಓದಿ ಹೇಳುವುದು, ಸಮಿತಿಗೆ ಆಯ್ಕೆಯಾದ ತಾಯಿಗೆ ಆ ಹೊತ್ತಿನ ರಜೆಯನ್ನು ತೋಟದ ಮಾಲೀಕರು ಕೂಲಿ ಕಡಿಯದೆ ಕೊಡುವುದು, ಇವು ದೊಡ್ಡ ಖರ್ಚಿನ ಸುಧಾರಣೆಗಳಲ್ಲ. 2020ರ ಆಗಸ್ಟ್‌ನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮ ಯೋಜನೆಯಡಿ ಶಿಕ್ಷಕರು ಮಕ್ಕಳಿದ್ದ ಕಡೆಗೇ ಹೋಗಿ ದೇವಸ್ಥಾನದ ಅಂಗಳ, ಸಮುದಾಯ ಭವನ, ಮರದ ನೆರಳುಗಳಲ್ಲಿ ಪಾಠ ಮಾಡಿದ ಅನುಭವ ರಾಜ್ಯಕ್ಕೆ ಈಗಾಗಲೇ ಇದೆ.

ಕೂಡಿ ಕೆಲಸ ಮಾಡುವ ಶಕ್ತಿ ಕೊಡಗಿಗೆ ಹೊರಗಿನಿಂದ ಬರಬೇಕಾಗಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರ ಮುಂದಾಳತ್ವದಲ್ಲಿ 60 ಕುಟುಂಬಗಳ ತಂಡಗಳಿಂದ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ಪ್ರತಿ ಬಾರಿ ಒಂದು ಒಕ್ಕ, ಅಂದರೆ ಒಂದೇ ಮನೆತನದ ಹೆಸರಿನ ಕುಟುಂಬ ವರ್ಗ, ಹೊಣೆ ಹೊತ್ತು ನಡೆಸುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಉತ್ಸವದಲ್ಲಿ ಪಾಲ್ಗೊಂಡ ಕುಟುಂಬ ತಂಡಗಳು 360. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಸಾವಿರಾರು ಜನ ಮನೆ ಬಿಟ್ಟು ಬಂದಾಗಲೂ, ಶಾಲೆಗಳು ಪರಿಹಾರ ಕೇಂದ್ರಗಳಾಗಿ, ಎಲ್ಲ ಸಮುದಾಯಗಳ ಜನ ಒಂದೇ ಒಲೆಯ ಮುಂದೆ ನಿಂತು ಅಡುಗೆ ಮಾಡಿ ಬಡಿಸಿದರು. ಆಟದಲ್ಲೂ ಆಪತ್ತಿನಲ್ಲೂ ಕಂಡ ಈ ಒಗ್ಗಟ್ಟಿನ ಒಂದು ಪಾಲು ಸಾಮಾನ್ಯ ದಿನಗಳ ಶಾಲೆಗೂ ಸಲ್ಲಬೇಕು. ತಮ್ಮ ಮಕ್ಕಳು ಬೇರೆಡೆ ಓದುತ್ತಿದ್ದರೂ ತಮ್ಮ ಅಜ್ಜಂದಿರು ಜಾಗ ಕೊಟ್ಟು, ತಾವು ಅಕ್ಷರ ಕಲಿತ ಶಾಲೆಯಲ್ಲಿ ಈಗ ತೋಟದ ಕಾರ್ಮಿಕರ ಮಕ್ಕಳು ಕಲಿಯುತ್ತಿದ್ದಾರೆ ಎಂಬುದನ್ನು ಹಳೆಯ ಮನೆತನಗಳವರು ನೆನೆದರೆ, ಆ ಶಾಲೆ ಅವರದೂ ಆಗಿ ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯುವಂತಿಲ್ಲ. ಶಿಕ್ಷಕರ ನೇಮಕ, ಗಟ್ಟಿಯಾದ ಕಟ್ಟಡ, ಶೌಚಾಲಯ, ಶುದ್ಧ ನೀರು, ಪಠ್ಯಪುಸ್ತಕ ಇವೆಲ್ಲ ಸರ್ಕಾರದ ಹೊಣೆಗಳಾಗಿದ್ದು, ಮನೆಯವರ ಸೇವೆಯನ್ನು ಮುಂದಿಟ್ಟುಕೊಂಡು ಸರ್ಕಾರ ಇವುಗಳಿಂದ ಕೈತೊಳೆದುಕೊಳ್ಳುವಂತಾಗಬಾರದು. ಸೋರುವ ಮಾಡಿಗೆ ಹೆಂಚು ಹೊದೆಸುವ ಪೋಷಕರೇ, ಆ ಮಾಡು ಯಾಕೆ ಸೋರುತ್ತಿದೆ, ಅನುದಾನ ಎಲ್ಲಿಗೆ ಬಂತು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕುಳ್ಳವರು.

ಕೊನೆಗೆ ಒಂದು ಸರಳ ಲೆಕ್ಕ ಉಳಿಯುತ್ತದೆ. ಶಾಲೆಯ ಕೆಲಸದ ದಿನಗಳು ತಿಂಗಳಿಗೆ ಹೆಚ್ಚೆಂದರೆ 25. ಒಂದು ಸಣ್ಣ ಶಾಲೆಯಲ್ಲಿ 25 ಮನೆಗಳ ಮಕ್ಕಳಿದ್ದು, ಪ್ರತಿ ಮನೆಯಿಂದ ಅಪ್ಪನೋ ಅಮ್ಮನೋ ಅಜ್ಜಿಯೋ ಅಣ್ಣನೋ ತಿಂಗಳಿಗೆ ಅರ್ಧ ದಿನ ಬಂದರೆ, ವರ್ಷವಿಡೀ ಆ ಶಾಲೆಯಲ್ಲಿ ಮನೆಯವರೊಬ್ಬರು ಇಲ್ಲದ ದಿನವೇ ಇರುವುದಿಲ್ಲ. ಓದುಗರು ತಮ್ಮ ಊರಿನ ಶಾಲೆಗೆ ಈ ವಾರ ಹೋಗಿ, ಮುಂದಿನ ಸಭೆ ಯಾವಾಗ ಎಂದು ಕೇಳಿಕೊಂಡು ಬರಲಿ.